ಉಗುರು ಯಾರ ತಗದಾರ್ರೀ?

ಮೊದಲು ನನ್ನ ದಡ್ಡತನ ಒಪ್ಪಿಕೊಂಡುಬಿಡುತ್ತೇನೆ. ನಾನು ಹೇಳದಿದ್ದರೆ ನಮ್ಮ ಮನೆಯವರೇ ಯಾರಾದರೂ ಹೇಳುತ್ತಾರೆ, ಅದೂ ಊಟಕ್ಕೆ ಕೂತಾಗ.

ನನ್ನ ಮದುವೆಗೆ ಇಪ್ಪತ್ತೊಂದು ದಿನ ಇರುವಾಗ, ಸೊಲ್ಲಾಪುರದ ಒಂದು ಗಿರಣಿಯ ದವಾಖಾನೆಯಲ್ಲಿ, ಔಷಧದ ಕೋಣೆಯ ಬಾಗಿಲು ಹಾಕಿಕೊಂಡು, ನಾನು ನನ್ನ ಬಲಗಾಲಿನ ಹೆಬ್ಬೆರಳಿನ ಉಗುರಿನ ನಟ್ಟನಡುವೆ ಕತ್ತರಿಯಿಂದ ಒಂದು ಕಚ್ಚು ಹಾಕಿದೆ. ಉಗುರಿನ ಅಂಚು ಮಾಂಸದೊಳಗೆ ಹೊಕ್ಕು ಕೀವಾಗಿತ್ತು. ನಡುವೆ ಒಂದು ಸಂದು ಮಾಡಿದರೆ, ಆ ಸಂದು ಮುಚ್ಚುವುದಕ್ಕೆ ಉಗುರು ಎರಡೂ ಕಡೆಯಿಂದ ನಡುವಿಗೆ ಸರಿಯುತ್ತದೆ, ಆಗ ಹೊಕ್ಕ ಅಂಚು ತಾನಾಗಿ ಹೊರಗೆ ಬರುತ್ತದೆ ಎಂದು ಪುಣೆಯಲ್ಲಿ ಪರೀಕ್ಷೆಗೆ ಓದುವಾಗ ನನ್ನ ಖೋಲಿಯ ಜೊತೆಗಾರ ಹೇಳಿದ್ದ. ಅವನು ನನಗೆ ಹೇಳಿದ್ದ, ನಾನು ನಂಬಿದ್ದೆ. ಉಗುರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ತನ್ನ ಪಾಡಿಗೆ ಬುಡದಿಂದ ತುದಿಗೆ ನೆಟ್ಟಗೆ ಬೆಳೆಯಿತು. ಅಂಚು ಇದ್ದಲ್ಲೇ ಇತ್ತು, ಕಚ್ಚು ಮಾತ್ರ ಕಾಲುಚೀಲಕ್ಕೆ ಸಿಕ್ಕಿ ದಿನಕ್ಕೆ ನಾಲ್ಕು ಸಲ ನನ್ನ ಜೀವ ತೆಗೆಯುತ್ತಿತ್ತು.

ಆದರೆ ನಿಜವಾದ ದಡ್ಡತನ ಕಚ್ಚಿನದಲ್ಲ. ಆ ಕೋಣೆಯ ಗೋಡೆಯ ಆಚೆ, ಹತ್ತು ಹೆಜ್ಜೆ ದೂರದಲ್ಲಿ, ಇಡೀ ಸೊಲ್ಲಾಪುರದಲ್ಲಿ ಆ ಬೆರಳನ್ನು ಸರಿಮಾಡಬಲ್ಲ ಒಬ್ಬರೇ ಮನುಷ್ಯ ಕೂತಿದ್ದರು. ಅವರ ಕೈಗೆ ಕಾಲು ಕೊಡುವುದಕ್ಕಿಂತ ಕಾಲನ್ನೇ ಬಿಟ್ಟುಕೊಡುವುದು ಮೇಲು ಎಂದು ನಾನು ಹಟ ಹಿಡಿದಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೂ ನಾಲ್ಕು ಜನ ಹೊಗಳುತ್ತಾರೆ; ಈಗಾಗಲೇ ಆದದ್ದೇ ನನಗೆ ಸಾಕಾಗಿದೆ. ಗಿರಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ, ಹಲ್ಲು ಬಿಗಿಹಿಡಿದು.

ಕಾಕಾ ನಮ್ಮ ದವಾಖಾನೆಯ ಡ್ರೆಸರ್, ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವರು. ನಾನು ಕಂಪೌಂಡರ್, ಔಷಧ ಕೂಡಿಸಿ ಬಾಟಲಿ ತುಂಬುವವ. ಪದ್ಧತಿಯ ಪ್ರಕಾರ ನಾನು ಅವರಿಗಿಂತ ಒಂದು ಮೆಟ್ಟಿಲು ಮೇಲೆ. ನನ್ನ ಸರ್ಟಿಫಿಕೇಟು ಗಾಜಿನ ಚೌಕಟ್ಟಿನಲ್ಲಿ ನನ್ನ ಕಿಟಕಿಯ ನೆತ್ತಿಯ ಮೇಲೆ ತೂಗುತ್ತಿತ್ತು. ದಿನಾ ಬೆಳಿಗ್ಗೆ ನಾನೇ ಒರೆಸುತ್ತಿದ್ದೆ, ಬೇರೆಯವರ ಮೇಲೆ ನಂಬಿಕೆ ಇರಲಿಲ್ಲ. ಕಾಕಾ ಹೆಬ್ಬೆಟ್ಟು ಒತ್ತುವವರು. ಅಕ್ಕಲಕೋಟ ಸೀಮೆಯ ಕುರಿಗಾರರ ಮನೆತನ. ಇಪ್ಪತ್ತು ವರ್ಷದವರೆಗೆ ಕುರಿಯ ಹಿಂದೆ ಅಡ್ಡಾಡಿ, ಆಮೇಲೆ ಗಿರಣಿಗೆ ಬಂದವರು. ಕುಳ್ಳ ಮೈ, ಒಲೆಯ ಕಲ್ಲಿನಂಥ ಅಂಗೈ, ಬೇಸಿಗೆಯಲ್ಲೂ ಹೆಗಲ ಮೇಲೆ ಕರಿ ಕಂಬಳಿ, ಸೊಂಟದಲ್ಲಿ ಬೀರಪ್ಪ ದೇವರ ಭಂಡಾರದ ಅರಿಸಿನ ಪುಡಿ ತುಂಬಿದ ಒಂದು ಸಣ್ಣ ಚೀಲ.

ಕುರಿಯ ಗೊರಸು ಬೆಳೆದು ಒಳಕ್ಕೆ ಮಡಚಿಕೊಳ್ಳುತ್ತದೆ, ಹಸಿ ನೆಲದಲ್ಲಿ ಕೊಳೆಯುತ್ತದೆ. ಅದನ್ನು ತಿದ್ದಿ ತಿದ್ದಿ ಅವರ ಕೈ ಪಳಗಿತ್ತು. ಮನುಷ್ಯನ ಕಾಲನ್ನೂ ಅವರು ಹಾಗೆಯೇ ಹಿಡಿಯುತ್ತಿದ್ದರು. ರೋಗಿಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಅವನಿಗೆ ಬೆನ್ನು ತಿರುಗಿಸಿ ಕೆಳಗೆ ಕೂತು, ಅವನ ಕಾಲನ್ನು ತಮ್ಮ ಎರಡು ಮೊಣಕಾಲಿನ ನಡುವೆ ಸಿಗಿಸಿಕೊಳ್ಳುವರು. ರೋಗಿಗೆ ಕಾಣುವುದು ಕಂಬಳಿ ಹೊದ್ದ ಬೆನ್ನು ಮಾತ್ರ. ಒದೆಯೋಣ ಎಂದರೆ ಕಾಲು ಕದಲುವುದಿಲ್ಲ. ಹೆದರೋಣ ಎಂದರೆ ಕತ್ತರಿ ಕಾಣುವುದಿಲ್ಲ.

ಮತ್ತು ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಎಲ್ಲಿ ನೋವು, ಎಷ್ಟು ದಿನದಿಂದ ಎಂದೆಲ್ಲ ಕೇಳುತ್ತಿರಲಿಲ್ಲ.

"ಉಗುರು ಯಾರ ತಗದಾರ್ರೀ?"

ಎಲ್ಲರೂ ಸುಳ್ಳು ಹೇಳುತ್ತಿದ್ದರು. ಇದು ನನಗೆ ಬಹಳ ಮಜಾ ಅನಿಸುತ್ತಿತ್ತು. ಕಳ್ಳತನ ಒಪ್ಪಿಕೊಂಡಾರು, ತಮ್ಮ ಉಗುರು ತಾವೇ ಕೆಡಿಸಿಕೊಂಡದ್ದು ಒಪ್ಪಲಾರರು. ಒಂದು ದಿನ ಮಗ್ಗದ ಖಾತೆಯ ಜಾಬರ್ ಬಂದ, ನಲವತ್ತು ಜನರ ಮೇಲೆ ಕೂಗಾಡುವ ಮನುಷ್ಯ, ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿತ್ತು.

"ನಾವಿ ತಗದಾನ," ಎಂದು ಜಾಬರ್ ಕ್ಷೌರಿಕನ ಮೇಲೆ ಹಾಕಿದ.

"ನಾವಿ ಎಡಗೈಯಾಂವ ಏನು?"

"ಯಾಕ?"

"ಕತ್ತರಿ ಎಡಕ್ಕ ಹೊಳ್ಳ್ಯಾದ. ನೀವೂ ಬೀಡಿ ಎಡಗೈಲೆ ಹಿಡಕೊಂಡೀರಿ."

ಜಾಬರ್ ಬೀಡಿಯನ್ನು ಬಲಗೈಗೆ ಬದಲಿಸಿದ. ಹೊರಗೆ ಸಾಲಿನಲ್ಲಿ ನಿಂತವರು ಬಿದ್ದು ಬಿದ್ದು ನಕ್ಕರು. ಕಾಕಾ ನಗಲಿಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ಇಳಿಬಿಡಿಸಿದರು, ಉಗುರು ನೆನೆದು ಮೆತ್ತಗಾಗುವ ತನಕ. ಆಮೇಲೆ ಕೈಮಗ್ಗದ ಹಣಿಗೆಯಿಂದ ತೆಗೆದು ತುದಿ ಉಜ್ಜಿ ನುಣುಪು ಮಾಡಿದ ಒಂದು ಕಡ್ಡಿಯಿಂದ ಉಗುರಿನ ಮೂಲೆಯನ್ನು ಕೂದಲೆಳೆಯಷ್ಟು ಎತ್ತಿ, ಅದರ ಕೆಳಗೆ ಹೊಸೆದ ಅರಳೆಯ ಎಳೆಯೊಂದನ್ನು ಸೇರಿಸಿದರು. ಉಗುರು ಮಾಂಸವನ್ನು ಬಿಟ್ಟು ಆ ಎಳೆಯ ಮೇಲೆ ಕೂರುತ್ತದೆ. ಎರಡು ದಿನಕ್ಕೊಮ್ಮೆ ಎಳೆ ಬದಲಿ. ಮೂಲೆ ಬೆಳೆದು ಮಾಂಸ ದಾಟುವ ತನಕ, ಎರಡು ತಿಂಗಳೋ ಮೂರೋ.

"ಎಷ್ಟ ದಿನಕ್ಕ ಆರಾಮ ಆಗ್ತದ, ಕಾಕಾ?" ಎಂದು ಜಾಬರ್ ಕೇಳಿದ.

"ನೋವು ನಾಡದ ಹೋಗ್ತದ. ಉಗುರು ಅದರ ಪಾಡಿಗಿ ಬರ್ತದ. ಅದಕ ಗಿರಣಿ ಭೋಂಗಾ ಕೂಗೂದು ಕೇಳಸೂದಿಲ್ಲ. ನೆಟ್ಟಗ ತಗೀರಿ, ಮೂಲಿ ದುಂಡ ಮಾಡಬ್ಯಾಡ್ರಿ, ಮಗನ ಹಳೀ ಬೂಟು ಮಗಗ ಹೊಳ್ಳಿ ಕೊಡ್ರಿ."

ಜಾಬರ್ ಹಾಕಿಕೊಂಡದ್ದು ಮಗನ ಹಳೆಯ ಬೂಟು ಎಂದು ಅವರಿಗೆ ಹೇಗೆ ತಿಳಿಯಿತೋ. ಮೂರನೆಯ ದಿನ ಜಾಬರ್ ಓಡಾಡುತ್ತ ಕೂಗಾಡುತ್ತಿದ್ದ.

ಇನ್ನು ನನ್ನ ಗತಿ ಕೇಳಿ. ದವಾಖಾನೆಗೆ ಬರುವವರು ನನ್ನ ಕಿಟಕಿ ದಾಟಿಯೇ ಕಾಕಾನ ಕಡೆ ಹೋಗಬೇಕು. ನಾನು ಟಿಂಚರಿನ ಬಾಟಲಿಗಳನ್ನು ಎತ್ತರದ ಕ್ರಮದಲ್ಲಿ ಜೋಡಿಸಿ, ತಕ್ಕಡಿ ಹೊಳಪು ಮಾಡಿ, ಮುಖಕ್ಕೆ ಒಂದು ಗಾಂಭೀರ್ಯ ಹಚ್ಚಿಕೊಂಡು ಕೂತಿರುತ್ತಿದ್ದೆ. ನೂಲು ಸುತ್ತುವ ರೀಲಿಂಗ್ ಖಾತೆಯ ಒಬ್ಬ ಮುದುಕಿ ಕಿಟಕಿಯಲ್ಲಿ ಇಣುಕುವಳು.

"ಏನವ್ವಾ, ಏನಾಗ್ಯಾದ?"

"ನಿನಗೇನ ಹೇಳಲೋ ತಮ್ಮಾ. ಕಾಕಾ ಬಂದಾರೇನು?"

"ನಾ ಕಂಪೌಂಡರ್ ಅದೀನಿ."

"ಇರಲೇಳಪಾ. ಸಣ್ಣ ವಯಸ್ಸು, ಮುಂದ ಏನರ ಆದೀ."

ಹೊಟ್ಟೆಕಿಚ್ಚು ಸುಡುವ ಗಂಧಕದ ತೇಜಾಬಿನ ಹಾಗೆ ಕುದಿಯುತ್ತಿತ್ತು. ನಮ್ಮ ಡಾಕ್ಟರ್ ಸಾಹೇಬರು ಕೂಡ, ಮರಾಠಿ ಬಿಟ್ಟು ಮಾತಾಡದ ಮನುಷ್ಯ, ಯಾರಾದರೂ ಕಾಲಿನವರು ಬಂದರೆ ತಲೆ ಎತ್ತದೆ "ಕಾಕಾಂಕಡೇ ಜಾ" ಎಂದು ಅವರ ಕಡೆ ಕೈ ತೋರಿಸುತ್ತಿದ್ದರು. ಒಂದು ಸಲ ಸಾಹೇಬರು ಬಾಗಿಲು ಹಾಕಿಸಿ ತಮ್ಮ ಬೂಟು ಬಿಚ್ಚಿ ಕಾಕಾನ ಮುಂದೆ ಕಾಲು ಚಾಚಿದ್ದನ್ನು ನಾನು ಕೀಲಿಯ ತೂತಿನಿಂದ ನೋಡಿದ್ದೇನೆ. "ಯಾರ ತಗದಾರ್ರೀ?" ಎಂಬ ಪ್ರಶ್ನೆ ಸಾಹೇಬರಿಗೂ ಬಿತ್ತು. ಅವರು ತಮ್ಮ ಹೆಂಡತಿಯ ಹೆಸರು ಹೇಳಿದರು.

ನಾನು ಕಾಕಾಗೆ ಕುರಿ ಡಾಕ್ಟರ್ ಎಂದು ಹೆಸರಿಟ್ಟು ಖಾತೆ ಖಾತೆಗೂ ಹಬ್ಬಿಸಿದೆ. ಎರಡು ದಿನದಲ್ಲಿ ಅದು ಅವರ ಕಿವಿಗೂ ಬಿತ್ತು. ಸಿಟ್ಟಾಗುತ್ತಾರೆಂದು ಆಸೆಯಿಂದ ಕಾಯುತ್ತಿದ್ದೆ. ಅವರು ನನ್ನ ಕಿಟಕಿಗೆ ಬಂದು, "ಕಂಪೌಂಡರ್ ಸಾಹೇಬ್ರ, ಛಲೋ ಹೆಸರ ಇಟ್ಟೀರಿ ನೋಡ್ರಿ. ಕುರಿ ಸುಳ್ಳ ಹೇಳೂದಿಲ್ಲ. ಮಂದೀಗಿಂತ ಅದರ ಕಾಲು ಸಸಾರ," ಎಂದು ಸಂತೋಷದಿಂದ ಹೋದರು. ಮರುದಿನದಿಂದ ಜನ ಅದನ್ನು ಹೊಗಳಿಕೆಯಾಗಿ ಹೇಳತೊಡಗಿದರು. ನಾನು ಕೊಟ್ಟ ಬಿರುದು, ಅವರು ಹೊತ್ತು ಮೆರೆದರು.

ವಿದ್ಯೆ ಕದಿಯೋಣವೆಂದು ನೋಡಿದೆ. ಅವರು ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದುದರಿಂದ ನನಗೆ ಕಂಬಳಿಯ ನೇಯ್ಗೆ ಬಾಯಿಪಾಠವಾಯಿತೇ ಹೊರತು ಬೇರೇನೂ ಕಾಣಲಿಲ್ಲ. ಆದರೂ ಧೈರ್ಯ ಮಾಡಿ, ಅವರು ರಜೆಯಲ್ಲಿದ್ದ ಒಂದು ದಿನ, ಉಗುರು ಹೊಕ್ಕು ನರಳುತ್ತಿದ್ದ ಗಿರಣಿಯ ಪಠಾಣ ಪಹರೆಯವನನ್ನು ಹಿಡಿದೆ. ಅವನ ಉಗುರಿನ ಕೆಳಗೆ ಅರಳೆ ತುರುಕಿದೆ. ಕಡ್ಡಿ ಎಲ್ಲಿ ಸಿಗಬೇಕು, ಔಷಧ ಕಲಸುವ ಚಪ್ಪಟೆ ಚಮಚದ ತುದಿಯಿಂದಲೇ ಒತ್ತಿದೆ. ಎಳೆ ಎಷ್ಟು ದಪ್ಪ ಇರಬೇಕು ಎಂಬುದು ಗೊತ್ತಿಲ್ಲದೆ ದಿಂಬಿಗೆ ತುಂಬುವಷ್ಟು ತುಂಬಿದೆ. ಪಠಾಣ "ಯಾ ಅಲ್ಲಾ" ಎಂದು ಕಾಲು ಝಾಡಿಸಿದ. ನನ್ನ ಚಷ್ಮಾ ಹಾರಿ ಉಪ್ಪುನೀರಿನ ಬೋಗುಣಿಗೆ ಬಿತ್ತು. ಹಿಂದೆಯೇ ನಾನೂ ಬಿದ್ದೆ.

ಇಂಥ ಹೊತ್ತಿನಲ್ಲಿ ನನಗೆ ಅಕ್ಕಲಕೋಟದಿಂದ ಹೆಣ್ಣು ನೋಡಲು ಕರೆ ಬಂತು. ನಮ್ಮದು ಮೈಂದರ್ಗಿಯ ಒಕ್ಕಲುತನದ ಮನೆ. ಹುಡುಗ ಪುಣೆಯಲ್ಲಿ ಪಾಸಾಗಿದ್ದಾನೆ, ಸರ್ಟಿಫಿಕೇಟಿನ ಕೀರ್ತಿ ಅಲ್ಲಿಯ ತನಕ ಮುಟ್ಟಿದೆ ಎಂದು ನಾನು ಉಬ್ಬಿದೆ. ಹುಡುಗಿಯ ತಂದೆ ಸಂಸ್ಥಾನದ ಪಡೆಯಲ್ಲಿ ಇದ್ದು ನಿವೃತ್ತಿಯಾದವರು. ಬಾಗಿಲಂಥ ಎದೆ, ಹುರಿಮೀಸೆ. ನಾನು ಜಮಖಾನೆಯ ಮೇಲೆ ಕೂತು, ಪರೀಕ್ಷೆಯಲ್ಲಿ ಬಂದ ಅಂಕಗಳನ್ನು ಹೇಳಲು ಬಾಯಿ ತೆರೆದೆ. ಅವರೇ ಮೊದಲು ಕೇಳಿದರು.

"ನಮ್ಮ ಕಾಕಾ ಆರಾಮ ಅದಾರೇನ್ರಿ?"

"ಯಾವ ಕಾಕಾ?" ಎಂದೆ, ಗೊತ್ತಿದ್ದೂ.

"ಯಾವ ಕಾಕಾ ಅಂತ ಕೇಳ್ತೀರಲ್ರಿ! ನಿಮ್ಮ ದವಾಖಾನ್ಯಾಗಿನ ದೇವರು!" ಎಂದು ಅವಲಕ್ಕಿಯ ತಾಟಿನ ಪಕ್ಕದಲ್ಲೇ ತಮ್ಮ ಬಲಗಾಲು ಚಾಚಿದರು. "ನೋಡ್ರಿ, ಈ ಬಟ್ಟು. ಪಡೆಯೊಳಗ ಬೂಟು ಹಾಕಿ ಹಾಕಿ ಕೊಳತು ಹೋಗಿತ್ತು. ಒಬ್ಬ ದೊಡ್ಡ ಡಾಕ್ಟರ್ ಪೂರಾ ಉಗುರ ಕಿತ್ತ ಒಗದಾ. ಹೊಳ್ಳಿ ಬಂತು, ಮತ್ತ ಹೊಕ್ಕತು. ಕಾಕಾ ಮೂರ ತಿಂಗಳ ಹತ್ತಿ ಎಳಿ ಇಟ್ಟ ನೆಟ್ಟಗ ಮಾಡ್ಯಾರ. ಮುಟ್ಟಿ ನೋಡ್ರಿ, ಮುಟ್ಟಿ ನೋಡ್ರಿ."

ಮುಟ್ಟಿ ನೋಡಿದೆ. ಅದೇ ಕೈಯಿಂದ ಅವಲಕ್ಕಿ ತಿಂದೆ. ಹುಡುಗಿ ಚಹಾ ತಂದಾಗ ನಮ್ಮ ಕಡೆಯವರು, ಅವರ ಕಡೆಯವರು, ಎಲ್ಲರೂ ಆ ಬೆರಳಿನ ಸುತ್ತ ಬಗ್ಗಿಕೊಂಡಿದ್ದರು. ನಾನೂ ಬಗ್ಗಿದ್ದರಿಂದ ನನಗೆ ಕಂಡದ್ದು ಆಕೆಯ ಪಾದ ಮಾತ್ರ. ಹತ್ತೂ ಉಗುರು ನೆಟ್ಟಗೆ, ಅಳತೆಗೋಲಿಟ್ಟು ತೆಗೆದ ಹಾಗೆ.

"ನಾ ಒಂದು ಹೇಳ್ತೀನಿ ಕೇಳ್ರಿ," ಎಂದು ಮಾವನಾಗಲಿರುವವರು ಮುಂದುವರಿಸಿದರು. "ಮನುಷ್ಯಾನ ಗುಣ ಕಾಲಾಗ ಅದ. ಲಗ್ನದಾಗ ಅಳಿಯಾನ ಕಾಲ ತೊಳಿಯುವಾಗ ನಾ ಪೂರಾ ನೋಡ್ತೀನಿ. ಹಿರೇ ಅಳಿಯಾನ ಅಂಗಾಲಾಗ ಒಂದು ಆಣಿ ಇತ್ತು. ಹನ್ನೆರಡು ವರ್ಷಾತು, ಇವತ್ತಿಗೂ ಊರ ಮಂದಿ ಅಂವಗ ಆಣಿರಾಯ ಅಂತಾರ."

ಮೂಲೆಯಲ್ಲಿ ಕೂತಿದ್ದ ಹಿರಿಯ ಅಳಿಯ ನನ್ನ ಕಡೆ ನೋಡಿ ತಲೆ ಬಗ್ಗಿಸಿದರು.

ಸಂಬಂಧ ಗಟ್ಟಿಯಾಯಿತು. ಸೊಲ್ಲಾಪುರಕ್ಕೆ ಬಂದವನೇ, ಈ ಕಾಕಾನ ದೇವಸ್ಥಾನದ ಮುಂದೆ ನಾನೂ ಒಂದು ಗೋಪುರ ಕಟ್ಟಬೇಕು ಎಂಬ ಹಟದಿಂದ ಮೂತಿ ಚೂಪಾದ ಕರಿ ಬೂಟು ಕೊಂಡೆ. ನನ್ನ ಅಳತೆಯದು ಇರಲಿಲ್ಲ. ಒಂದು ನಂಬರು ಸಣ್ಣದಿತ್ತು. "ಹಾಕ್ಕೊಂಡ್ ಹಾಕ್ಕೊಂಡ್ ಸೈಲ ಆಗ್ತದ," ಎಂದ ಅಂಗಡಿಯವ. ಸಡಿಲಾದದ್ದು ಬೂಟಲ್ಲ. ಹೆಬ್ಬೆರಳು ಪಕ್ಕದ ಬೆರಳಿಗೆ ಒತ್ತಿ, ಮಾಂಸ ಉಗುರಿನ ಮೇಲೆ ಏರಿತು. ಚುಚ್ಚತೊಡಗಿತು. ಚುಚ್ಚುವ ಮೂಲೆಯನ್ನು ದುಂಡಗೆ, ಆಳಕ್ಕೆ ಕತ್ತರಿಸಿದೆ. ಎರಡು ದಿನ ಸ್ವರ್ಗ. ಮೂರನೆಯ ದಿನ ಕೀವು. ಮಾಂಸ ಕೆಂಪಗೆ ಉಬ್ಬಿ ಬಂದಾಗ, ಅದನ್ನು ಸುಡಬೇಕೆಂದು ಮೈಲುತುತ್ತ ಹಚ್ಚಿದೆ. ಕಂಪೌಂಡರನಾಗಿ ಇಪ್ಪತ್ತು ಜನರಿಗೆ ಚಿಟಿಕೆ ಚಿಟಿಕೆ ಅಳೆದು ಕೊಡುವವ, ನನಗೆ ಮಾತ್ರ ಕಣ್ಣಳತೆಯಲ್ಲಿ ಸುರಿದುಕೊಂಡೆ. ಬೆರಳು ನವಿಲಿನ ಬಣ್ಣಕ್ಕೆ ತಿರುಗಿತು. ಕೊನೆಗೆ ಆ ಕಚ್ಚು.

ದಿನಕ್ಕೊಂದು ಕಾರಣ ಹೇಳುತ್ತ ಕುಂಟಿದೆ. ಒಂದು ದಿನ ಮಗ್ಗದ ಲಾಳಿ ಹಾರಿ ಬಡಿಯಿತು ಎಂದೆ. ಔಷಧದ ಕೋಣೆಗೆ ಲಾಳಿ ಹೇಗೆ ಹಾರಿತು ಎಂದು ಕೇಳಿದರು. ಇನ್ನೊಂದು ದಿನ ಇಲಿ ಕಚ್ಚಿತು ಎಂದೆ. ಜನ ಇಲಿಯ ಬಗ್ಗೆ ಕನಿಕರಪಟ್ಟರು. ನಡುವೆ ಮದುವೆಯ ದಿನ ಹತ್ತಿರ ಬರುತ್ತಿತ್ತು. ಕಣ್ಣು ಮುಚ್ಚಿದರೆ ಕಾಲು ತೊಳೆಯುವ ಹಿತ್ತಾಳೆಯ ಪರಾತ, ಅದರೊಳಗೆ ನನ್ನ ಬೆರಳು, ಸುತ್ತ ಅಕ್ಕಲಕೋಟದ ಮಂದಿ. ಔಷಧ ಬಲ್ಲವನೆಂದು ಹೆಣ್ಣು ಕೊಟ್ಟವರು ಕೊಳೆತ ಕಾಲು ತೊಳೆಯಬೇಕು. ಮಾವ ಎದ್ದು ಹೋದರೂ ಹೋದರು. ಹೋಗದಿದ್ದರೆ ಇನ್ನೂ ಕೆಟ್ಟದ್ದು: ಸಾಯುವ ತನಕ ನನಗೆ ಕೀವರಾಯ ಎಂಬ ಹೆಸರು.

ಮದುವೆಗೆ ಹದಿನಾರು ದಿನ ಇತ್ತು. ಮಧ್ಯಾಹ್ನದ ಭೋಂಗಾ ಕೂಗಿದ ಮೇಲೆ ನಾನು ಔಷಧದ ಕೋಣೆಯಲ್ಲಿ ಕಾಲು ಹಿಡಿದುಕೊಂಡು ಕೂತಿದ್ದೆ. ಬಾಗಿಲು ತಳ್ಳಿ ಕಾಕಾ ಬಂದರು. ಕೈಯಲ್ಲಿ ಉಪ್ಪುನೀರಿನ ಬೋಗುಣಿ. ನನ್ನ ಮುಂದೆ ಇಟ್ಟರು.

"ಇಡ್ರಿ, ಸಾಹೇಬ್ರ."

"ಏನ್ ಇಡ್ಲಿ?"

"ಎಂಟ ದಿನಾತು, ಗೋಡಿ ಹಿಡಕೊಂಡ ಅಡ್ಡ್ಯಾಡಾಕತ್ತೀರಿ. ಗೋಡಿಗೇನರ ಆಗ್ಯಾದೇನು?"

"ನಂಗೇನೂ ಆಗಿಲ್ಲ. ನಾ ನೋಡ್ಕೋತೀನಿ."

"ನೀವು ನೋಡ್ಕೊಂಡದ್ದು ಸಾಕ್ರಿ. ನೀರ ಆರ್ತದ."

ಇಟ್ಟೆ. ಯಾಕೆ ಇಟ್ಟೆನೋ, ಬಹುಶಃ ನೀರು ಬೆಚ್ಚಗಿತ್ತು. ಆಮೇಲೆ ಅವರು ಬೆನ್ನು ತಿರುಗಿಸಿ ಕೂತು ನನ್ನ ಕಾಲನ್ನು ಮೊಣಕಾಲಿನ ನಡುವೆ ಸಿಗಿಸಿಕೊಂಡರು. ಎರಡು ವರ್ಷ ದೂರದಿಂದ ನೋಡಿದ ಕಂಬಳಿ ಈಗ ಮೂಗಿನ ಹತ್ತಿರ. ಕುರಿಯ ವಾಸನೆ, ಕಾರ್ಬಾಲಿಕ್ ವಾಸನೆ. ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ: ಸ್ಟೇಶನ್ ಹತ್ತಿರದ ನಾವಿ, ಹೊಸಬ, ಬಲಗೈಯವ. ಆ ಪ್ರಶ್ನೆ ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬೆನ್ನು ಅಲುಗಿತು.

"ಇದೇನ್ರಿ, ನಡಬರಕ ಬಾಗಲಾ ಇಟ್ಟೀರಿ?"

ಇಟ್ಟೀರಿ ಎಂದರು. ಕೇಳುವ ಅಗತ್ಯವೇ ಅವರಿಗೆ ಕಂಡಿರಲಿಲ್ಲ. ಆ ಹೊತ್ತಿನಲ್ಲಿ ಬೆರಳಿಗಿಂತ ಕಿವಿ ಹೆಚ್ಚು ಉರಿಯಿತು.

"ಬಾಗಲಾ ಇಟ್ಟರ ಉಗುರು ಹೊರಗ ಬರೂದಿಲ್ರಿ ಸಾಹೇಬ್ರ. ತಾಳ್ರಿ, ನೀವು ಮೂಲ್ಯಾಗ ಮುಳ್ಳ ಬಿಟ್ಟೀರಿ."

ಒಮ್ಮೆ ಜೀವ ಹೋಗಿ ಬಂದ ಹಾಗಾಯಿತು. ಅವರು ಕೈ ಹಿಂದೆ ಚಾಚಿ ಅಂಗೈ ತೋರಿಸಿದರು. ಎಳ್ಳಿನ ತುದಿಯಷ್ಟು ಉಗುರಿನ ಚೂರು. ನಾನು ಆಳಕ್ಕೆ ಕತ್ತರಿಸುವಾಗ ಒಳಗೇ ಉಳಿದು, ಉಗುರು ಬೆಳೆದಂತೆಲ್ಲ ಮಾಂಸದೊಳಗೆ ಇರಿಯುತ್ತಿದ್ದ ಮುಳ್ಳು. ನನ್ನ ಹದಿನೈದು ದಿನದ ನಿದ್ದೆ, ನನ್ನ ಮಾವನ ಮೀಸೆ, ಆಣಿರಾಯನ ಕನಿಕರದ ಕಣ್ಣು, ಎಲ್ಲ ಅಷ್ಟರಲ್ಲಿ ಅಡಗಿತ್ತು.

ಆಮೇಲೆ ಅವರು ಒಂದು ವಿಚಿತ್ರ ಮಾಡಿದರು. ಎದ್ದು ನನ್ನ ಕಡೆ ಮುಖ ಮಾಡಿ ಕೂತರು.

"ನೋಡ್ರಿ. ಇಷ್ಟ ತೆಳ್ಳಗ ಹೊಸೀಬೇಕು. ಮೊದಮೊದಲ ನಾ ಉಣ್ಣೆ ಎಳಿ ಇಡ್ತಿದ್ದೆ, ಅದು ಚುಚ್ಚತದ. ಹತ್ತಿ ಮೆತ್ತಗ. ಕಡ್ಡಿ ಹಿಂಗ ಹಿಡಿರಿ. ಎತ್ತಬಾರದು, ಉಗುರಿಗಿ ಬರ್ತೀ ಏನಪಾ ಅಂತ ಕೇಳಬೇಕು. ನಾಳಿಂದ ನೀವ ಇಟ್ಕೋರಿ."

"ಇದನ್ನ ಯಾರಿಗೂ ತೋರಸಿಲ್ಲ ನೀವು," ಎಂದೆ. ದನಿ ಸ್ವಲ್ಪ ಗಡುಸಾಗಿಯೇ ಬಂತು.

"ಯಾರ ಕೇಳ್ಯಾರ್ರಿ?"

ಎರಡು ವರ್ಷ ಕೀಲಿಯ ತೂತಿನಿಂದ ನೋಡಿದೆ, ಪಠಾಣನಿಂದ ಒದೆಸಿಕೊಂಡೆ. ಕೇಳಬಹುದು ಎಂಬುದೇ ಹೊಳೆದಿರಲಿಲ್ಲ.

ಎರಡು ದಿನಕ್ಕೆ ನೋವು ಹೋಯಿತು, ವಾರಕ್ಕೆ ಕೀವು. ಆದರೆ ಎಳೆ ಇನ್ನೂ ಎರಡು ತಿಂಗಳು ಇರಬೇಕು, ಮದುವೆಯಲ್ಲಿ ಕಾಲು ತೊಳೆಯುವಾಗ ಬಿಳಿಯ ಹತ್ತಿ ಪರಾತದಲ್ಲಿ ಎದ್ದು ಕಾಣುತ್ತದೆ. ತೆಗೆದುಬಿಡಲೇ ಎಂದು ಕೇಳಿದೆ. ತೆಗೆದರೆ ಮತ್ತೆ ಹೊಗುತ್ತದೆ ಎಂದರು. ಅರಿಸಿನದ ದಿನ ಬೆಳಿಗ್ಗೆ ಅವರೇ ರೈಲಿನಲ್ಲಿ ಅಕ್ಕಲಕೋಟ ರೋಡ್ ಸ್ಟೇಶನ್ನಿಗೆ ಬಂದು, ಅಲ್ಲಿಂದ ಟಾಂಗಾ ಹಿಡಿದು, ಕಂಬಳಿ ಹೊದ್ದೇ ಹೆಣ್ಣಿನ ಮನೆಯ ಹಂದರದೊಳಗೆ ಬಂದರು. ನನ್ನನ್ನು ಒಂದು ಕೋಣೆಗೆ ಎಳೆದುಕೊಂಡು ಹೋಗಿ, ಸೊಂಟದ ಚೀಲದಿಂದ ಭಂಡಾರ ತೆಗೆದು ಹೊಸ ಎಳೆಗೆ ತಿಕ್ಕಿ, ಹಳದಿ ಮಾಡಿ ಉಗುರಿನ ಕೆಳಗೆ ಇಟ್ಟರು.

"ಈಗ ಮೈಯೆಲ್ಲ ಅರಿಷಿಣ ಹಚ್ಚತಾರ. ಹಳದಿಯೊಳಗ ಹಳದಿ. ನಾವಿ ಶಾಸ್ತ್ರಕ್ಕ ಉಗುರ ತಗಿಯಾಕ ಬಂದ್ರ ಕೈ ಕೊಡ್ರಿ, ಕಾಲ ಕೊಡಬ್ಯಾಡ್ರಿ."

ಮರುದಿನ ಪರಾತ ಬಂತು. ಮಾವ ಮುಂದೆ ಕೂತರು. ಅತ್ತೆ ನೀರು ಹಾಕಿದರು. ಮಾವನ ಹೆಬ್ಬೆರಳು ನನ್ನ ಒಂದೊಂದೇ ಬೆರಳನ್ನು ಪಡೆಯ ಸಾಲು ತಪಾಸಣೆ ಮಾಡುವ ಹಾಗೆ ಒತ್ತುತ್ತ ಬಂತು. ಬಲಗಾಲಿನ ಹೆಬ್ಬೆರಳಿಗೆ ಬಂದು ನಿಂತಿತು. ಮೂಲೆಯನ್ನು ಮುಟ್ಟಿತು. ಮತ್ತೊಮ್ಮೆ ಮುಟ್ಟಿತು. ಮೂರು ತಿಂಗಳು ಅದೇ ಎಳೆಯನ್ನು ತಮ್ಮ ಉಗುರಿನಲ್ಲಿ ಹೊತ್ತಿದ್ದ ಮನುಷ್ಯ ಅವರು; ಬಣ್ಣ ಮೋಸ ಮಾಡಬಹುದು, ಬೆರಳಿಗೆ ಗೊತ್ತಾಗದೇ ಇರುತ್ತದೆಯೇ? ಅವರು ತಲೆ ಎತ್ತಿ ಜನರ ನಡುವೆ ಕಾಕಾನ ಕಡೆ ನೋಡಿದರು. ಕಾಕಾ ಹಂದರದ ಚಪ್ಪರ ಎಷ್ಟು ಗಟ್ಟಿಯಾಗಿದೆ ಎಂದು ಬಹಳ ಗಮನದಿಂದ ನೋಡುತ್ತಿದ್ದರು. ಆಣಿರಾಯ ಕತ್ತು ಚಾಚಿ ಪರಾತದೊಳಗೆ ಇಣುಕುತ್ತಿದ್ದರು, ತಮಗೊಬ್ಬ ಜೊತೆಗಾರ ಸಿಗಲಿ ಎಂಬ ಆಸೆಯಿಂದ.

ಮಾವ ಒಂದು ತಂಬಿಗೆ ನೀರು ಹೆಚ್ಚಿಗೆ ಹಾಕಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಕಾಲ ಛಲೋ ಅದಾವ!"

ನನಗೆ ಉಸಿರು ಬಂತು. ಮರುಗಳಿಗೆಯೇ ಹಳೆಯ ತೇಜಾಬು ಮತ್ತೆ ಕುದಿಯಿತು. ನನ್ನ ಮದುವೆಯಲ್ಲಿ, ನನ್ನ ಕಾಲಿಗೆ ಬಂದ ಹೊಗಳಿಕೆ ಕೂಡ ಕಂಬಳಿಯವರಿಗೇ ಹೋಯಿತು.

ಅದಾದ ಮೇಲೆ ನಾಲ್ಕು ವರ್ಷ ಅವರ ಜೊತೆ ಕೆಲಸ ಮಾಡಿದೆ. ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಆರಲಿಲ್ಲ. ಕೇಳಿ ಕಲಿತೆ; ಕಲಿತಷ್ಟೂ ಅವರ ಕೈ ಎಷ್ಟು ದೂರದಲ್ಲಿದೆ ಎಂಬುದು ಕಾಣತೊಡಗಿ ಕಿಚ್ಚು ಹೆಚ್ಚೇ ಆಯಿತು. ಕಡೆಗೆ ಅವರ ಕಣ್ಣು ಮಂಜಾಯಿತು. ಒಂದು ದಿನ ಉಗುರಿನ ಅಂಚು ಯಾವುದು, ಮಾಂಸ ಯಾವುದು ಎಂದು ತಿಳಿಯದೆ ಕಡ್ಡಿ ಕೆಳಗಿಟ್ಟು, "ಸಾಹೇಬ್ರ, ಇನ್ನ ನೀವು ಕುಂಡ್ರ್ರಿ," ಎಂದು ಎದ್ದರು. ಅದೇ ತಿಂಗಳು ಗಿರಣಿ ಬಿಟ್ಟು ಊರಿಗೆ, ಕುರಿಗಳ ಹತ್ತಿರಕ್ಕೆ ಹೋದರು. ಮರುದಿನ ಅದೇ ರೀಲಿಂಗ್ ಮುದುಕಿ ಬಂದಳು. ನಾನು ಬೆನ್ನು ತಿರುಗಿಸಿ ಕೂತು ಆಕೆಯ ಕಾಲು ಸಿಗಿಸಿಕೊಂಡೆ. ನನ್ನ ಬಾಯಿಂದ ನನಗೆ ತಿಳಿಯದೆ ಬಂತು: "ಉಗುರು ಯಾರ ತಗದಾರವ್ವಾ?"

"ಸೊಸಿ," ಎಂದಳು. ಸುಳ್ಳು. ನನಗೂ ತಿಳಿಯಿತು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಗಿರಣಿಯಿಂದ ನಾವು ಸುಮಾರು ಜನ ಹೋದೆವು. ಮಾವನವರ ಕಡೆಯವರು, ಸುತ್ತಲಿನ ಹಳ್ಳಿಯವರು ಬಂದಿದ್ದರು. ಕಲ್ಲು ತುಂಬಿದ ದಾರಿ, ಹಿರಿಯರೇ ಹೆಚ್ಚು. ನಾನು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದೆ, ಅಭ್ಯಾಸಬಲದಿಂದ ಕಾಲುಗಳನ್ನೇ ನೋಡುತ್ತ. ಅಷ್ಟು ಜನರಲ್ಲಿ ಕುಂಟುವವರು ಒಬ್ಬರೂ ಇರಲಿಲ್ಲ. ಆ ಮೆರವಣಿಗೆ ನೋಡಿಯೂ ನನಗೆ ಹೊಟ್ಟೆ ಉರಿಯಿತು ಎಂದರೆ ನೀವು ನಂಬಬೇಕು. ನಾನು ಸತ್ತಾಗ ಯಾರು ಬರುತ್ತಾರೋ, ಬಂದವರು ಹೇಗೆ ನಡೆಯುತ್ತಾರೋ.

ಮರುದಿನ ಸೊಲ್ಲಾಪುರದ ಮನೆಯಲ್ಲಿ ಸ್ನಾನ ಮಾಡಿ ಕೂತಿದ್ದೆ. ನನ್ನ ಹೆಂಡತಿ ಕತ್ತರಿ ಹಿಡಿದು ಬಂದು ನನ್ನ ಕಾಲು ತೊಡೆಯ ಮೇಲೆ ಇಟ್ಟುಕೊಂಡಳು. ಮದುವೆಯಾದಾಗಿನಿಂದ ನನ್ನ ಉಗುರು ತೆಗೆಯುವವಳು ಅವಳೇ. ನಾನು ಮುಟ್ಟುವಂತಿಲ್ಲ. ಎಂಥ ಪತಿಭಕ್ತಿ ಎಂದು ಗೆಳೆಯರ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ. ಆವತ್ತು ಕಾಕಾನ ಮಾತು ಬಂತು. ಸತ್ತ ಮೇಲೂ ಆ ಮನುಷ್ಯ ನನ್ನನ್ನು ಸೋಲಿಸಿದರು, ನನ್ನದು ಅಂತ ಉಳಿದದ್ದು ಸರ್ಟಿಫಿಕೇಟು ಮತ್ತು ನೀನು, ಎಂದು ಗೊಣಗಿದೆ.

ಅವಳು ಕತ್ತರಿ ನಿಲ್ಲಿಸದೆ ಹೇಳಿದಳು:

"ಸರ್ಟಿಫಿಕೇಟ ನಿಮ್ಮದು ಖರೆ. ನಮ್ಮಪ್ಪಗ ನಿಮ್ಮ ಹೆಸರ ಹೇಳಿದ್ದು ಕಾಕಾ. ನಿಮ್ಮ ಗಿರಣ್ಯಾಗ ಮಗಳಿಗಿ ತಕ್ಕಾಂವ ಯಾವನರ ಅದಾನೇನು ಅಂತ ಅಪ್ಪ ಕೇಳಿದ್ರ, 'ಒಬ್ಬ ಕಂಪೌಂಡರ್ ಅದಾನ, ನನ್ನ ಮ್ಯಾಲೆ ಭಾಳ ಹೊಟ್ಟಿಕಿಚ್ಚ. ತನಗ ಬಾರದ್ದು ಇನ್ನೊಬ್ಬರಿಗಿ ಬರ್ತದಂತ ಅಷ್ಟ ಉರಕೊಳ್ಳಾಂವ ಕಲೀತಾನ, ಕೊಡ್ರಿ' ಅಂದಿದ್ರಂತ. ಮತ್ತ ಅರಿಷಿಣದ ದಿನ, ನಿಮ್ಮ ಬಟ್ಟಿಗಿ ಎಳಿ ಇಟ್ಟ ಹೊರಗ ಬಂದು, ನನ್ನ ಕೈಯಾಗ ಭಂಡಾರ ಹಾಕಿ ಮಾತ ತಗೊಂಡಾರ: 'ತಂಗಿ, ಹುಡುಗ ಬಂಗಾರದಂಥಾಂವ, ಕತ್ತರಿ ಮಾತ್ರ ಅವನ ಕೈಯಾಗ ಕೊಡಬ್ಯಾಡ.' ಅಲ್ಲಾಡಬ್ಯಾಡ್ರಿ, ಮೂಲಿ ತಪ್ಪತದ."